ಹೆಣ್ಣುಮಕ್ಕಳ ಆಟವೂ ನಮ್ಮ ಸಮಾಜವೂ

ಚಿಕ್ಕಪೇಟೆಯ ಗಲ್ಲಿಗಳಲ್ಲಿ ಬೆಳೆದವರಿಗೆ ಗರಡಿಮನೆಯ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆ, ಎದುರಿಗೆ ಆಂಜನೇಯನ ಪಟ. ಕರಗದ ವೀರಕುಮಾರರು ಸಾಧನೆ ಮಾಡುವುದೂ ಇಂತಹ ಗರಡಿಗಳಲ್ಲಿಯೇ. ಕುಸ್ತಿಯ ಪಟ್ಟುಗಳೊಡನೆ ಹಿರಿಯರಿಗೆ ತಗ್ಗಿ ನಡೆಯುವುದನ್ನೂ ಹುಡುಗರು ಅಲ್ಲಿ ಕಲಿತರು. ಪೇಟೆಯ ಸಮಾಜವು ತನ್ನ ಗಂಡುಮಕ್ಕಳನ್ನು ತಿದ್ದಿಕೊಂಡ ಸ್ಥಳವದು. ಹೆಣ್ಣುಮಕ್ಕಳ ಪಾಲಿಗೆ ಉಳಿದುದು ಅಳಗುಳಿಮಣೆ, ಚೌಕಾಬಾರ, ಕುಂಟೆಬಿಲ್ಲೆ. ಇವು ಬುದ್ಧಿಗೂ ಕೈಚಳಕಕ್ಕೂ ಒಳ್ಳೆಯ ಆಟಗಳೇ ಸರಿ. ಆದರೆ ಎಲ್ಲವೂ ಹೊಸ್ತಿಲೊಳಗೆ, ಹೆಚ್ಚೆಂದರೆ ಅಂಗಳದಲ್ಲಿ ಮುಗಿಯತಕ್ಕವು. ಯಾರು ಎಲ್ಲಿ ಆಡಬಹುದೆಂಬುದನ್ನು ಆಟದ ನಿಯಮಗಳಿಗಿಂತ ಮೊದಲು ಸಮಾಜವೇ ಗೊತ್ತುಮಾಡಿಬಿಡುತ್ತದೆ.

ಇದು ನಮ್ಮ ದೇಶವೊಂದರ ದೋಷವೆಂದು ತಿಳಿಯಲಾಗದು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರು ಮೊದಲ ಬಾರಿಗೆ 800 ಮೀಟರ್ ಓಟದಲ್ಲಿ ಸ್ಪರ್ಧಿಸಿದರು. ಓಟ ಮುಗಿದೊಡನೆ ಕೆಲವರು ದಣಿದು ನೆಲಕ್ಕೊರಗಿದುದನ್ನು ಪತ್ರಿಕೆಗಳು ದೊಡ್ಡ ಅನಾಹುತವೆಂಬಂತೆ ಬಣ್ಣಿಸಿದುವು. ಆ ಸ್ಪರ್ಧೆಯನ್ನು ಕೈಬಿಟ್ಟು, 1960ರವರೆಗೆ ಮತ್ತೆ ಸೇರಿಸಲಿಲ್ಲ. ಓಡಿ ದಣಿದ ಗಂಡಸರನ್ನು ಕುರಿತು ಯಾರೂ ಹೀಗೆ ಮರುಗಿದುದನ್ನು ನಾವು ಕಾಣೆವು.

ನಮ್ಮ ಊರಿನ ಮಟ್ಟಿಗೆ ಶಾಂತಾ ರಂಗಸ್ವಾಮಿಯವರನ್ನು ಹೆಸರಿಸದಿರಲಾರೆವು. ಭಾರತದ ಮಹಿಳೆಯರು ತಮ್ಮ ಮೊದಲ ಕ್ರಿಕೆಟ್ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ತಂಡದೆದುರು ಆಡಿದುದು 1976ರಲ್ಲಿ, ಬೆಂಗಳೂರಿನಲ್ಲಿಯೇ, ನಾಯಕಿ ಇವರು. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಪಟುವೂ ಇವರೇ. 1977ರಲ್ಲಿ ನ್ಯೂಜಿಲೆಂಡಿನ ಡನೆಡಿನ್ ನಗರದಲ್ಲಿ ಶತಕವನ್ನೂ ಹೊಡೆದರು. ಆ ಕಾಲದ ಆಟಗಾರ್ತಿಯರು ಕಾದಿರಿಸದ ರೈಲುಡಬ್ಬಿಗಳಲ್ಲಿ ತಮ್ಮ ಗಂಟುಮೂಟೆ ಹೊತ್ತು ಪ್ರಯಾಣ ಮಾಡಿದರು. ಮಹಿಳಾ ಕ್ರಿಕೆಟ್ಟು ದೇಶದ ಕ್ರಿಕೆಟ್ ನಿಯಂತ್ರಣ ಮಂಡಳಿಯ ಆಶ್ರಯಕ್ಕೆ ಬಂದುದು 2006ರಲ್ಲಿ. ಪುರುಷರಿಗೆ ಸಮನಾದ ಪಂದ್ಯಶುಲ್ಕವನ್ನು ಘೋಷಿಸಿದುದು 2022ರಲ್ಲಿ. 2025ರ ನವೆಂಬರ್ 2ರಂದು ನಮ್ಮ ಮಹಿಳೆಯರು ವಿಶ್ವಕಪ್ಪನ್ನು ಗೆದ್ದರು. ಮರುದಿನ ನಮ್ಮ ತರಗತಿಗಳಲ್ಲಿ ಬೇರೆ ಮಾತೇ ಇರಲಿಲ್ಲ.

ಅದೇ ವಾರ ಒಬ್ಬ ತಂದೆಯವರು ಬಂದು, ಒಂಬತ್ತನೆಯ ತರಗತಿಯ ತಮ್ಮ ಮಗಳನ್ನು ಥ್ರೋಬಾಲ್ ತಂಡದಿಂದ ಬಿಡಿಸಬೇಕೆಂದು ಕೇಳಿಕೊಂಡರು. ಬಿಸಿಲಿಗೆ ಹುಡುಗಿ ಕಪ್ಪಾಗುತ್ತಾಳೆ, ನೆಂಟರು ಏನೆಂದಾರು, ಸಂಜೆ ಒಬ್ಬಳೇ ಬರಬೇಕು ಎಂದು ಮೂರು ಕಾರಣಗಳನ್ನು ಹೇಳಿದರು. ಮೊದಲಿನ ಎರಡಕ್ಕೆ ನಾವು ಸೋಲಲಿಲ್ಲ. ಮೂರನೆಯದನ್ನು ತಳ್ಳಿಹಾಕುವುದು ನ್ಯಾಯವೆನಿಸಲಿಲ್ಲ. ಅಂಗಡಿ ಬೀದಿಯ ಸಂಜೆಯ ನೂಕುನುಗ್ಗಲನ್ನು ನಾವೂ ಬಲ್ಲೆವು. ಈಗ ಅಭ್ಯಾಸವನ್ನು ನಾಲ್ಕೂವರೆಗೇ ಮುಗಿಸಿ, ಉಪಾಧ್ಯಾಯಿನಿಯೊಬ್ಬರ ಜೊತೆಯಲ್ಲಿ ಮಕ್ಕಳನ್ನು ಗುಂಪುಗುಂಪಾಗಿ ಮನೆಗೆ ಕಳುಹಿಸುತ್ತಿದ್ದೇವೆ. ಹುಡುಗಿ ತಂಡದಲ್ಲಿ ಉಳಿದಿದ್ದಾಳೆ. ಆದರೆ ಗುಂಪುಗಳು ನಾಲ್ಕು, ಬಿಡುವಿರುವ ಉಪಾಧ್ಯಾಯಿನಿಯರು ಇಬ್ಬರೇ. ಪೇಟೆಯಲ್ಲಿಯೇ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ವಾರಕ್ಕೊಂದು ಸಂಜೆ ಈ ಕೆಲಸಕ್ಕೆ ಬಂದಲ್ಲಿ ಉಪಕಾರವಾಗುವುದು.