ಗಾಲಿಮನೆಯ ಓಲಾಟ

ಕಾರಿನ ಹಿಂದೆ ಕ್ಯಾರವಾನು ಎಂಬ ಗಾಲಿಮನೆಯನ್ನು ಕಟ್ಟಿಕೊಂಡು ವಿಹಾರ ಹೊರಡುವುದು ಬ್ರಿಟನ್, ಅಮೆರಿಕಗಳಲ್ಲಿ ಸಾಮಾನ್ಯ. ಅದರ ಒಡೆಯರು ಕೊಳ್ಳುವ ಸಲಕರಣೆಗಳು ಅನೇಕ. ಅವುಗಳಲ್ಲಿ ಮೊದಲನೆಯದು, ಕಾರಿಗೆ ಜೋಡಿಸುವ ಕೊಂಡಿಯ ಮೇಲೆ ಬೀಳುವ ಭಾರವನ್ನು ಅಳೆಯುವ ಸಣ್ಣ ತೂಕಯಂತ್ರವಾಗಿರಬೇಕೆಂದು ನಾವು ಹೇಳುತ್ತೇವೆ.

ಎತ್ತಿನ ಗಾಡಿಯ ಹಿಂಭಾಗದಲ್ಲಿ ಮೂಟೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಗಾಡಿಯವನು ಕೂಡಲೆ ಮೂಟೆಗಳನ್ನು ಮುಂದಕ್ಕೆ ಸರಿಸುತ್ತಾನೆ. ಕಾರು ನಡೆಸುವವನಿಗೆ ಈ ಸೂಚನೆ ದೊರೆಯದು. ಅಚ್ಚಿನ ಹಿಂದೆ ಭಾರ ಹೆಚ್ಚಿದ ಕ್ಯಾರವಾನನ್ನು ಅಡ್ಡಗಾಳಿಯೊಂದು ತಳ್ಳಿದರೆ ಅದು ಲೋಲಕದಂತೆ ಅತ್ತಿತ್ತ ತೂಗತೊಡಗುತ್ತದೆ. ವೇಗ ಕಡಿಮೆಯಿದ್ದರೆ ಟೈರುಗಳ ಹಿಡಿತವು ಆ ಆಂದೋಲನವನ್ನು ಅಡಗಿಸುತ್ತದೆ. ವೇಗವು ಮಿತಿ ಮೀರಿದರೆ ಒಂದೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕಡೆಗೆ ಬಂಡಿಯು ಕಾರನ್ನೂ ಸೆಳೆದುಕೊಂಡು ಉರುಳಬಹುದು. ಆಗ ಬ್ರೇಕನ್ನು ಬಲವಾಗಿ ಒತ್ತಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು ವೇಗವನ್ನು ತಾನಾಗಿ ಇಳಿಯಗೊಡಬೇಕು.

ಒಟ್ಟು ತೂಕದ ಶೇಕಡಾ 5ರಿಂದ 7 ಭಾಗವು ಕೊಂಡಿಯ ಮೇಲಿರಬೇಕೆಂಬುದು ಬ್ರಿಟನ್ನಿನ ರೂಢಿ. ಎಂದರೆ 1,000 ಕಿಲೋಗ್ರಾಂ ಬಂಡಿಗೆ 50ರಿಂದ 70 ಕಿಲೋಗ್ರಾಂ. ಅಮೆರಿಕದಲ್ಲಿ ಶೇಕಡಾ 10ರಿಂದ 15 ಎನ್ನುವರು. ಎಲ್ಲಿಯೇ ಆಗಲಿ, ಕಾರಿನ ತಯಾರಕರು ವಿಧಿಸಿದ ಮಿತಿಯನ್ನು ಮೀರಕೂಡದು.

ಕಾರಿನ ಹಿಂದಿರುವ ಲೋಹದ ಗುಂಡನ್ನು ಬಿಗಿಹಿಡಿದು, ಘರ್ಷಣೆಯಿಂದ ಓಲಾಟವನ್ನು ತಗ್ಗಿಸುವ ಕೊಂಡಿಗಳೂ ಉಂಟು. ಇಂಥ ಕೊಂಡಿಯಿದ್ದಲ್ಲಿ ಗುಂಡಿಗೆ ಗ್ರೀಸು ಸವರಬಾರದು. ಸವರಿದರೆ, ಹಣ ತೆತ್ತು ಕೊಂಡ ಘರ್ಷಣೆಯನ್ನು ನಾವೇ ಕಳೆದಂತಾಯಿತು.