ಬದುವಿನ ಜೇಡ, ಕೂಳೆ ಕಬ್ಬಿನ ಸುಳಿ



ಕಟಾವು ಮುಗಿದ ಕೂಡಲೇ ತರಗಿಗೆ ಬೆಂಕಿಯಿಟ್ಟು, ಬದುವಿನ ಹುಲ್ಲನ್ನೂ ಕೆತ್ತಿ ಹೊಲವನ್ನು ಚೊಕ್ಕಟ ಮಾಡುವುದು ನಮ್ಮಲ್ಲಿ ಅನೇಕರ ರೂಢಿ. ಕೂಳೆ ಚಿಗುರಿದ ಮೇಲೆ ಸುಳಿ ಒಣಗಿತೆಂದು ಚಿಂತಿಸುವವರೂ ನಾವೇ. ಬೆಂಕಿಯಲ್ಲಿ ನಾವು ಕಳೆದುಕೊಂಡ ಕಾವಲುಗಾರರಲ್ಲಿ ಜೇಡವೂ ಒಂದು.

ಜೇಡ ಎಲೆ ತಿನ್ನುವುದಿಲ್ಲ, ರಸ ಹೀರುವುದಿಲ್ಲ. ಅದರ ಆಹಾರ ಹುಳುಗಳು. ಸುಳಿಕೊರಕದ ಪತಂಗ ಎಲೆಯ ತಳಭಾಗದಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಹೊರಬಂದು, ಎಳೆಯ ಮೋಸಿನ ಬುಡಕ್ಕೆ ಇಳಿದು, ಒಳಕ್ಕೆ ಕೊರೆಯುತ್ತದೆ. ಚಕ್ರದಂತೆ ಬಲೆ ಹೆಣೆಯುವ ಜೇಡ ಹಾರುವ ಪತಂಗವನ್ನು ಹಿಡಿದರೆ, ಎಲೆಯ ಮೇಲೆ ಜಿಗಿದು ಬೇಟೆಯಾಡುವ ಜೇಡವೂ ನೆಲದಲ್ಲಿ ಓಡಾಡುವ ಜೇಡವೂ ಮರಿಹುಳುವನ್ನು ಹಿಡಿಯುತ್ತವೆ. ಆದ್ದರಿಂದ ಒಂದೇ ಜಾತಿ ಸಾಲದು, ಹಲವು ಜಾತಿಗಳು ಬೇಕು.

ಕಟಾವಾದ ಹೊಲದಲ್ಲಿ ಜೇಡಕ್ಕೆ ನೆರಳಿಲ್ಲ, ಆಹಾರವಿಲ್ಲ. ಅದು ಮತ್ತೆ ಬರಬೇಕಾದದ್ದು ಅಕ್ಕಪಕ್ಕದಿಂದ. ದೊಡ್ಡವು ನಡೆದು ಬರುತ್ತವೆ. ಮರಿಗಳು ಹುಲ್ಲಿನ ತುದಿಗೇರಿ, ನೂಲು ಬಿಟ್ಟು, ಗಾಳಿಯಲ್ಲಿ ತೇಲಿ ಬರುತ್ತವೆ. ಸುತ್ತಲೂ ಒಂದೇ ಬೆಳೆಯಿದ್ದು ಒಂದೇ ಕಾಲಕ್ಕೆ ಕಟಾವಾದರೆ ಬರುವುದಾದರೂ ಎಲ್ಲಿಂದ? ಬೇಲಿ, ಹುಲ್ಲುಬದು, ಕುರುಚಲು, ಬೇರೆ ಬೇರೆ ಬೆಳೆ ಸೇರಿರುವ ಕಡೆ ಜೇಡಗಳ ಜಾತಿಯೂ ಸಂಖ್ಯೆಯೂ ಸಾಮಾನ್ಯವಾಗಿ ಹೆಚ್ಚೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ಈ ದೃಷ್ಟಿಯಲ್ಲಿ ಆಂಡಿಪಟ್ಟಿ ಸೀಮೆ ಭಾಗ್ಯವಂತ. ಒಂದು ಕಡೆ ವರುಸನಾಡು ಬೆಟ್ಟ, ಇನ್ನೊಂದು ಕಡೆ 1959ರಲ್ಲಿ ಪೂರ್ಣಗೊಂಡ ವೈಗೈ ಅಣೆಕಟ್ಟು. ಕಂಬಂ ಕಣಿವೆಗೆ ಹೋದರೆ ಪೆರಿಯಾರ್ ನೀರಿನ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಇಲ್ಲಿ ಬಾವಿ ನೀರಿನ ತೋಟದ ಪಕ್ಕದಲ್ಲೇ ಮಳೆಯಾಶ್ರಯದ ಹೊಲ. ಈ ವೈವಿಧ್ಯವನ್ನು ನಾವೇ ಕೆತ್ತಿ ಹಾಕಬಾರದು.

ಇಂಡೋನೇಷ್ಯದ ಉದಾಹರಣೆ ನೋಡಿ. ಅಲ್ಲಿ ಭತ್ತಕ್ಕೆ ಔಷಧ ಹೊಡೆದಷ್ಟೂ ಜೇಡ ಮೊದಲಾದ ಮಿತ್ರಜೀವಿಗಳು ಸತ್ತು, ಕಂದು ಜಿಗಿಹುಳು ಮಿತಿಮೀರಿತು. ಕೊನೆಗೆ 1986ರಲ್ಲಿ ಆ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನೇ ನಿಷೇಧಿಸಿತು.

ಜೇಡವೊಂದೇ ಎಲ್ಲವನ್ನೂ ಕಾಯುತ್ತದೆಂದು ನಾನು ಹೇಳುತ್ತಿಲ್ಲ. ಕಾಂಡದೊಳಗೆ ಸೇರಿದ ಹುಳು ಅದಕ್ಕೆ ಸಿಗದು. ಹುಳು ಹೊಕ್ಕ ಮೋಸುಗಳನ್ನು ಕಿತ್ತು ನಾಶಪಡಿಸುವುದು, ಟ್ರೈಕೊಗ್ರಾಮಾ ಮೊಟ್ಟೆಕಾರ್ಡು ಕಟ್ಟುವುದು ತಪ್ಪಬಾರದು. ಇವುಗಳ ಜೊತೆಗೆ ತಾವು ಮಾಡಬೇಕಾದದ್ದು:

1. ತರಗನ್ನು ಸುಡದೆ ಸಾಲುಗಳ ನಡುವೆ ಹರಡಿರಿ. ತೇವ ಉಳಿಯುತ್ತದೆ, ಸುಳಿಕೊರಕದ ಬಾಧೆ ತಗ್ಗುತ್ತದೆ, ನೆಲದ ಜೇಡಕ್ಕೆ ಮರೆಯಾಗುತ್ತದೆ.

2. ಎಲ್ಲ ಬದುಗಳನ್ನೂ ಒಂದೇ ಸಲ ಕೆತ್ತಬೇಡಿ. ಒಂದನ್ನು ಬಿಟ್ಟು ಒಂದನ್ನು ಸವರಿರಿ.

3. ಹೊಲ ನೋಡದೆ ಔಷಧ ಹೊಡೆಯಬೇಡಿ. ಬದು, ಬೇಲಿಗಳಿಗೆ ಹೊಡೆಯಲೇಬೇಡಿ.

ನಂಬಿಕೆ ಬಾರದಿದ್ದರೆ ಇಬ್ಬನಿ ಬಿದ್ದ ಬೆಳಗ್ಗೆ ಹೊಲಕ್ಕೆ ಹೋಗಿ. ಆಗ ಬಲೆಗಳು ಚೆನ್ನಾಗಿ ಕಾಣುತ್ತವೆ. ಹುಲ್ಲಿರುವ ಬದುವಿನ ಪಕ್ಕದಲ್ಲಿ 10 ಹೆಜ್ಜೆ, ಕೆತ್ತಿದ ಬದುವಿನ ಪಕ್ಕದಲ್ಲಿ 10 ಹೆಜ್ಜೆ ನಡೆದು ಬಲೆಗಳನ್ನು ಎಣಿಸಿ ಬರೆದಿಡಿ. ನಮ್ಮ ಕಬ್ಬು ಸಿಬ್ಬಂದಿ ತಮ್ಮ ಹೊಲಕ್ಕೆ ಬಂದಾಗ ಆ ಲೆಕ್ಕವನ್ನು ತೋರಿಸಬೇಕೆಂದು ಕೋರುತ್ತೇನೆ. ಈ ಸಲದ ಕೂಳೆಗೆ ಬೆಂಕಿ ಇಡುವ ಮುನ್ನ ಒಮ್ಮೆ ಯೋಚಿಸಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ