ನಿಮಗಿದು ಗೊತ್ತೇ? ಕೆಲಸ ಹುಡುಕುವವರ ಜೇಬಿಗೊಂದಿಷ್ಟು

ಕೆಲಸ ಸಿಗಬೇಕಾದರೆ ಅದೃಷ್ಟ ಬೇಕು, ಇಲ್ಲವೇ ವಶೀಲಿ ಬೇಕು ಎನ್ನುವ ಮಾತು ಹಳೆಯದು. ಆದರೆ ಎಷ್ಟೋ ಸಲ ಕೆಲಸ ಕೈತಪ್ಪುವುದು ಒಂದು ಸಹಿ ಇಲ್ಲದ್ದಕ್ಕೆ, ಒಂದು ಫಾಂಟ್ ಕೈಕೊಟ್ಟಿದ್ದಕ್ಕೆ, ಒಂದು ಫೋನ್ ಮಾಡದೇ ಬಿಟ್ಟಿದ್ದಕ್ಕೆ. ಇವನ್ನೊಮ್ಮೆ ಓದಿ ನೋಡಿ.

● ಮೋನಾಲಿಸಾ ಬರೆದ ಲಿಯೊನಾರ್ಡೊ ಡಾ ವಿಂಚಿಯೂ ಕೆಲಸಕ್ಕೆ ಅರ್ಜಿ ಹಾಕಿದವನೇ! ಸುಮಾರು 1482ರಲ್ಲಿ ಮಿಲಾನಿನ ದೊರೆ ಲುಡೊವಿಕೊ ಸ್ಫೋರ್ಜಾಗೆ ಅವನ ಹೆಸರಿನಲ್ಲಿ ಬರೆದ ಪತ್ರದಲ್ಲಿ ಹಗುರವಾದ ಸೇತುವೆ, ಫಿರಂಗಿ, ಸುರಂಗ, ಮುಚ್ಚಿದ ಯುದ್ಧರಥ ಎಂದು ಸಾಲು ಸಾಲು ವಿದ್ಯೆಗಳಿವೆ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕೊನೆಗೆ. ದೊರೆಗೆ ಆಗ ಬೇಕಿದ್ದದ್ದು ಯುದ್ಧದ ಎಂಜಿನಿಯರ್. ನಮಗೇನು ಬರುತ್ತದೆ ಎಂಬುದಕ್ಕಿಂತ ಅವರಿಗೇನು ಬೇಕು ಎಂಬುದು ಅರ್ಜಿಯ ಮೊದಲ ಸಾಲಿನಲ್ಲಿರಲಿ.

● ನಿಮ್ಮ ರೆಸ್ಯೂಮೆಯನ್ನು ಮೊದಲ ನೋಟದಲ್ಲಿ ಎಷ್ಟು ಹೊತ್ತು ನೋಡುತ್ತಾರೆ? ಅಮೆರಿಕದ ಲ್ಯಾಡರ್ಸ್ ಎಂಬ ಉದ್ಯೋಗ ಸಂಸ್ಥೆ 2018ರಲ್ಲಿ ನೇಮಕಾತಿ ಮಾಡುವವರ ಕಣ್ಣಿನ ಚಲನೆ ಅಳೆದಾಗ ಸಿಕ್ಕ ಸರಾಸರಿ 7.4 ಸೆಕೆಂಡು. ಹಿಂದಿನ ಕೆಲಸ, ಹುದ್ದೆ, ಸಿಕ್ಕ ಫಲಿತಾಂಶ ಮೊದಲ ಪುಟದ ಮೇಲರ್ಧದಲ್ಲೇ ಕಾಣಬೇಕು. ತಂದೆಯ ಹೆಸರು, ಹವ್ಯಾಸ, ಜಾತಕದ ವಿವರಗಳಿಗೆ ಅಲ್ಲಿ ಜಾಗವಿಲ್ಲ.

● ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ರೆಸ್ಯೂಮೆ ಓದುವುದು ಸಾಫ್ಟ್‌ವೇರ್. ಎರಡು ಕಾಲಂ, ಬಣ್ಣದ ಪೆಟ್ಟಿಗೆ, ಚಿತ್ರದೊಳಗಿನ ಅಕ್ಷರ ಅದಕ್ಕೆ ಗೊಂದಲ. ಒಂದೇ ಕಾಲಂ ಇರಲಿ. ಜಾಹೀರಾತಿನಲ್ಲಿ ‘ಟ್ಯಾಲಿ’ ಎಂದಿದ್ದು ನಿಮಗೆ ಅದು ಬರುವುದಾದರೆ ‘ಲೆಕ್ಕಪತ್ರ ತಂತ್ರಾಂಶ’ ಎಂದು ಸುತ್ತಿ ಬಳಸಿ ಬರೆಯದೆ ‘ಟ್ಯಾಲಿ’ ಎಂದೇ ಹಾಕಿ.

● ಹಳೆಯ ನುಡಿ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ ಅರ್ಜಿಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ‘ಕನ್ನಡ’ ಎಂಬ ಪದವೇ ಇಂಗ್ಲಿಷ್ ಅಕ್ಷರವೂ ಪೌಂಡ್ ಚಿಹ್ನೆಯೂ ಕಲೆತ ಚಿತ್ರಾನ್ನ! ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪಿಡಿಎಫ್ ಮಾಡಿ ಕಳಿಸಿ. ಫೈಲಿಗೆ ‘ಹೊಸದು ಫೈನಲ್ 2’ ಎಂದಲ್ಲ, ನಿಮ್ಮ ಹೆಸರನ್ನೇ ಇಡಿ.

● ಕೆಲಸದ ಸುದ್ದಿ ತರುವವರು ಆಪ್ತರಲ್ಲ, ಅಪರೂಪಕ್ಕೆ ಸಿಗುವವರು! ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಹೇಳುವುದು ಇದನ್ನೇ. ಪರಿಚಯಸ್ಥರ ಮೂಲಕ ಕೆಲಸ ಪಡೆದವರನ್ನು ಅವರು ಮಾತಾಡಿಸಿದಾಗ, ಆ ಪರಿಚಯಸ್ಥರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ 17ರಷ್ಟೂ ಇರಲಿಲ್ಲ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ! 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ ತೀರಾ ಆಪ್ತರಿಗಿಂತ ಸಾಧಾರಣ ಪರಿಚಯವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದಿತು.

● ಒಂದು ಪೋಸ್ಟ್ ಕಾರ್ಡ್ ಕೆಲಸ ಕೊಡಿಸಿದ ಕಥೆ ನಮ್ಮಲ್ಲೇ ಇದೆ. 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದುತ್ತಿದ್ದ ಸುಧಾ ಮೂರ್ತಿ, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂದಿದ್ದ ಟೆಲ್ಕೊ ಕಂಪನಿಯ ಜಾಹೀರಾತು ಕಂಡು ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದರು. ಪುಣೆಗೆ ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು.

● 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದೀರಾ? ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಆದರೆ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಬೇಕು. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿಯೂ ಇರಬೇಕು. ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಪಡೆದ ಪತ್ರ ಸಾಮಾನ್ಯವಾಗಿ ನಡೆಯುವುದಿಲ್ಲ. ಕಲ್ಯಾಣ ಕರ್ನಾಟಕದವರಾದರೆ ಸಂವಿಧಾನದ 371ಜೆ ವಿಧಿಯಡಿಯ ಅರ್ಹತಾ ಪತ್ರವನ್ನೂ ಮೊದಲೇ ಮಾಡಿಸಿಟ್ಟುಕೊಳ್ಳಿ.

● ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಮತ್ತು ಪತ್ರಾಂಕಿತವಲ್ಲದ ‘ಬಿ’ ಗುಂಪಿನ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ‘ಒಳಗೆ ಮಾತಾಡಿಸುತ್ತೇನೆ’ ಎಂದು ದುಡ್ಡು ಕೇಳುವವನನ್ನು ನಂಬಬೇಡಿ. ಅಲ್ಲಿ ಮಾತಾಡಲು ‘ಒಳಗೆ’ ಯಾರೂ ಕೂತಿಲ್ಲ!

● ಮೊಬೈಲ್ ಕಂತು ತಪ್ಪಿದರೆ ಬ್ಯಾಂಕ್ ಕೆಲಸ ತಪ್ಪಬಹುದು. ಸರ್ಕಾರಿ ಬ್ಯಾಂಕುಗಳು ಈಗ ಸೇರುವ ಅಭ್ಯರ್ಥಿಯ ಸಿಬಿಲ್ ಚರಿತ್ರೆಯನ್ನೂ, ಅಂದರೆ ಸಾಲ ತೀರಿಸಿದ ದಾಖಲೆಯನ್ನೂ, ನೋಡುತ್ತವೆ. ಪರೀಕ್ಷೆಗೆ ಓದುವಾಗಲೇ ಹಳೆ ಬಾಕಿ ತೀರಿಸಿ, ಬ್ಯಾಂಕಿನಿಂದ ‘ನೋ ಡ್ಯೂಸ್’ ಪತ್ರ ತೆಗೆದಿಟ್ಟುಕೊಳ್ಳಿ.

● ರೆಸ್ಯೂಮೆಯಲ್ಲಿ ಎರಡು ವರ್ಷದ ಅನುಭವವನ್ನು ನಾಲ್ಕು ಮಾಡಿದರೆ ಪಿಎಫ್ ಖಾತೆ ಚಾಡಿ ಹೇಳುತ್ತದೆ. 2014ರಲ್ಲಿ ಬಂದ ಯುಎಎನ್ ಸಂಖ್ಯೆಯಡಿ ಎಲ್ಲಿ, ಯಾವತ್ತು ಸೇರಿದಿರಿ, ಯಾವತ್ತು ಬಿಟ್ಟಿರಿ ಎಂಬುದೆಲ್ಲ ದಾಖಲು.

● ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದ ಅರ್ಹರಿಗೆ ರಾಜ್ಯದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500 ಸಿಗುತ್ತದೆ, ಗರಿಷ್ಠ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಪಾವತಿಗೆ ಚಾಲನೆ ಸಿಕ್ಕಿತು. ಬಸ್ಸಿನ ಖರ್ಚು, ಅರ್ಜಿ ಶುಲ್ಕಕ್ಕೆ ಆಸರೆಯಾದೀತು.

● ಗಲ್ಫ್ ಕೆಲಸದ ಆಸೆಯೇ? ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ₹30,000, ಮೇಲೆ ಜಿಎಸ್‌ಟಿ. ಏಜೆಂಟರ ಹೆಸರು ಕೇಂದ್ರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಪಾಸ್‌ಪೋರ್ಟ್ ಕೈಗೆ ಕೊಡಿ.

● ಟೆಲಿಗ್ರಾಂನಲ್ಲಿ ‘ಲೈಕ್ ಒತ್ತಿ, ದಿನಕ್ಕೆ ಸಾವಿರ ಗಳಿಸಿ’ ಎನ್ನುವ ಕೆಲಸ ಕೆಲಸವಲ್ಲ, ಬಲೆ. ಮೊದಲು ನೂರಿನ್ನೂರು ಹಾಕುತ್ತಾರೆ, ಆಮೇಲೆ ‘ಡಿಪಾಸಿಟ್’ ಕೇಳುತ್ತಾರೆ. ಹಣ ಹೋಗಿದ್ದರೆ ನಾಚಿಕೆಪಡುತ್ತ ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿರುತ್ತದೆ.

ಇಷ್ಟರಲ್ಲಿ ಯಾವುದಕ್ಕೂ ವಶೀಲಿ ಬೇಕಿಲ್ಲ ನೋಡಿ. ಇವತ್ತೇ ಎರಡು ಕೆಲಸ ಮಾಡಿ: ಪ್ರಮಾಣಪತ್ರಗಳ ಫೈಲ್ ತೆರೆದು ಯಾವುದಿಲ್ಲ ಎಂದು ಪಟ್ಟಿ ಮಾಡಿ, ಮಾತಾಡಿ ಎರಡು ವರ್ಷವಾದ ಸಹಪಾಠಿಯೊಬ್ಬರಿಗೆ ಫೋನ್ ಮಾಡಿ. ‘ಕೆಲಸ ಹುಡುಕ್ತಿದೀನಿ’ ಎಂದು ಹೇಳಲು ಸಂಕೋಚ ಬೇಡ. ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?